ಪ್ರಕಟವಾಗದ ಅಸೈನ್‌ಮೆಂಟ್‌ಗೆ ಉಲ್ಲೇಖ ಕೊಡುವುದು ಹೇಗೆ?

ನೀವು ಥೀಸಿಸ್‌ನ ಮೂರನೇ ಅಧ್ಯಾಯ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಜೂನಿಯರ್ ವಿದ್ಯಾರ್ಥಿನಿಯೊಬ್ಬಳು ತನ್ನ ಕೋರ್ಸಿಗೆ ಬರೆದ 18 ಪುಟದ ಪ್ರಬಂಧ ನಿಮ್ಮ ಕೈಲಿದೆ. "ನೋಡಿ, ನಿಮ್ಮ ವಿಷಯಕ್ಕೆ ಹತ್ತಿರ ಇದೆ" ಅಂತ ಗೈಡ್ ಕಳಿಸಿದ್ದಾರೆ. ಒಂಬತ್ತನೇ ಪುಟದಲ್ಲಿ ಒಂದು ಟೇಬಲ್. ಗ್ರಂಥಾಲಯಕ್ಕೆ ಓದುಗರು ಯಾವ ಹೊತ್ತಿನಲ್ಲಿ ಎಷ್ಟು ಜನ ಬರುತ್ತಾರೆ ಅಂತ ಆಕೆ ಮೂರು ವಾರ ಬಾಗಿಲ ಹತ್ತಿರ ಕೂತು ಎಣಿಸಿದ ಲೆಕ್ಕ. ಇಂಥ ಲೆಕ್ಕ ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಿಮಗೆ ಅದು ಬೇಕೇ ಬೇಕು. ಆದರೆ ಉಲ್ಲೇಖ ಪಟ್ಟಿಯಲ್ಲಿ ಏನಂತ ಬರೆಯುವುದು?

ಇಲ್ಲಿ ಬಹಳ ಜನ ಎಡವುತ್ತಾರೆ. ಕೆಲವರು "ಅಸೈನ್‌ಮೆಂಟ್ ತಾನೆ" ಅಂತ ಹೆಸರೇ ಹೇಳದೆ ಟೇಬಲ್ ಎತ್ತಿಕೊಳ್ಳುತ್ತಾರೆ. ಕೆಲವರು "ಅಪ್ರಕಟಿತ ಅಧ್ಯಯನವೊಂದರ ಪ್ರಕಾರ" ಅಂತ ಬರೆದು ಮುಂದೆ ಹೋಗುತ್ತಾರೆ. ಇನ್ನು ಕೆಲವರು "ನಮ್ಮ ವಿಭಾಗದಲ್ಲಿ ನಡೆದ ಸಮೀಕ್ಷೆ" ಅಂತ ಬರೆಯುತ್ತಾರೆ. ಇದನ್ನು ಓದಿದರೆ ನನಗೆ ಜಾಸ್ತಿ ಬೇಸರವಾಗುತ್ತದೆ. ಸಮೀಕ್ಷೆ ಸುಮ್ನೆ ತಾನಾಗಿ ನಡೆಯುವುದಿಲ್ಲ. ಬಾಗಿಲ ಹತ್ತಿರ ಕೂತು ಎಣಿಸಿದವಳು ಒಬ್ಬಳು. ಅವಳಿಗೊಂದು ಹೆಸರಿದೆ.

ಇನ್ನೊಂದು ಗುಂಪಿನವರು ಪ್ರಾಮಾಣಿಕರು. ಅವರು ನೇರವಾಗಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ಉಲ್ಲೇಖ ಶೈಲಿಯ ಕೈಪಿಡಿ ತೆರೆದು ನಮೂನೆ ಹುಡುಕುತ್ತಾರೆ. ಅಲ್ಲೂ ಗೊಂದಲವೇ. ಒಂದು ಕಡೆ "ಅಪ್ರಕಟಿತ ಹಸ್ತಪ್ರತಿ" ಅಂತ ಒಂದು ನಮೂನೆ, ಇನ್ನೊಂದು ಕಡೆ "ವೈಯಕ್ತಿಕ ಸಂವಹನ" ಅಂತ ಬೇರೊಂದು. ಯಾವುದು ಸರಿ? ಉತ್ತರ ನಮೂನೆಯಲ್ಲಿ ಇಲ್ಲ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಉಲ್ಲೇಖ ಅನ್ನುವುದು ಎರಡು ಕೆಲಸ ಮಾಡುತ್ತದೆ. ಒಂದು, ಈ ಮಾತು ನನ್ನದಲ್ಲ, ಇಂಥವರದು ಅಂತ ಋಣ ಒಪ್ಪಿಕೊಳ್ಳುವುದು. ಎರಡು, ಅನುಮಾನ ಬಂದರೆ ಇಲ್ಲಿಗೆ ಹೋಗಿ ನೋಡಿ ಅಂತ ಓದುಗನಿಗೆ ದಾರಿ ತೋರಿಸುವುದು. ಅಚ್ಚಾದ ಪುಸ್ತಕದ ವಿಷಯದಲ್ಲಿ ಈ ಎರಡೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಹೆಸರು ಹಾಕಿದಿರಿ, ಪ್ರಕಾಶಕರನ್ನು ಹಾಕಿದಿರಿ, ಆಯಿತು. ಹಾಗಾಗಿ ಇವು ಎರಡು ಬೇರೆ ಕೆಲಸ ಅನ್ನುವುದೇ ನಮಗೆ ಮರೆತುಹೋಗಿರುತ್ತದೆ. ಪ್ರಕಟವಾಗದ ಅಸೈನ್‌ಮೆಂಟ್ ಎದುರಿಗೆ ಬಂದಾಗ ಮಾತ್ರ ಎರಡೂ ಬೇರ್ಪಡುತ್ತವೆ. ಋಣ ಇದೆ, ದಾರಿ ಇಲ್ಲ. ಓದುಗ ಆ 18 ಪುಟವನ್ನು ಎಲ್ಲಿಂದ ತರಬೇಕು?

ಆದ್ದರಿಂದ ಮೊದಲ ಪ್ರಶ್ನೆ ಇದು: ನನ್ನ ಓದುಗ ಕೇಳಿದರೆ ಆ ಪ್ರಬಂಧ ಅವನಿಗೆ ಸಿಗುತ್ತದಾ? ವಿಭಾಗದ ಕಪಾಟಿನಲ್ಲೋ ಗ್ರಂಥಾಲಯದಲ್ಲೋ ಒಂದು ಪ್ರತಿ ಇದ್ದು, ಕೇಳಿದವರಿಗೆ ತೋರಿಸುತ್ತಾರೆ ಅಂದರೆ ಅದಕ್ಕೆ ಒಂದು ವಿಳಾಸ ಇದೆ ಅಂತಾಯಿತು. ಅದು ಪಟ್ಟಿಗೆ ಸೇರಬಹುದು. ನಿಮ್ಮ ಮೇಲ್‌ನ ಇನ್‌ಬಾಕ್ಸ್ ಬಿಟ್ಟು ಬೇರೆಲ್ಲೂ ಇಲ್ಲ ಅಂದರೆ, ಓದುಗನ ಮಟ್ಟಿಗೆ ಅದು ಯಾರೋ ನಿಮಗೆ ಹೇಳಿದ ಮಾತಿದ್ದ ಹಾಗೆ. ಎಪಿಎಯ ಎರಡು ನಮೂನೆಗಳ ನಡುವಿನ ಗೆರೆಯನ್ನು ನಾನು ಹೀಗೇ ಅರ್ಥಮಾಡಿಕೊಂಡಿದ್ದೇನೆ. ಈ ಗೆರೆ ಸಿಕ್ಕಿದ ಮೇಲೆ ಉಳಿದದ್ದು ಸುಲಭ.

2019ರ ಕೊನೆಯಲ್ಲಿ ಬಂದ ಎಪಿಎ ಏಳನೇ ಆವೃತ್ತಿಯ ಪ್ರಕಾರ ವಿಳಾಸ ಇರುವ ಪ್ರಬಂಧಕ್ಕೆ ಸಾಲು ಹೀಗಿರುತ್ತದೆ:

ಮನೆತನದ ಹೆಸರು, ಇನಿಷಿಯಲ್. (2023). ಓದುಗರು ಬರುವ ಹೊತ್ತು: ಮೂರು ವಾರದ ಎಣಿಕೆ [ಅಪ್ರಕಟಿತ ವಿದ್ಯಾರ್ಥಿ ಪ್ರಬಂಧ]. ವಿಭಾಗದ ಹೆಸರು, ವಿಶ್ವವಿದ್ಯಾಲಯದ ಹೆಸರು.

ಶೀರ್ಷಿಕೆ ಓರೆ ಅಕ್ಷರದಲ್ಲಿ ಇರಬೇಕು. ಚೌಕ ಕಂಸದ ಒಳಗಿನ ಮಾತು ಬಹಳ ಮುಖ್ಯ. ಓದುಗ ಇದನ್ನು ಪುಸ್ತಕ ಅಂದುಕೊಂಡು ಅಂಗಡಿಯಲ್ಲಿ ಹುಡುಕದಿರಲಿ ಅಂತಲೇ ಅದು ಅಲ್ಲಿರುವುದು. ಮೂಲ ನಮೂನೆಯಲ್ಲಿರುವ ಪದಕ್ಕೆ ಕನ್ನಡದಲ್ಲಿ "ಹಸ್ತಪ್ರತಿ" ಅಂತ ಬರೆದರೆ ನಮ್ಮವರ ಕಣ್ಣಿಗೆ ತಾಳೆಗರಿ ಬಂದು ನಿಲ್ಲುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುವಾಗ "ವಿದ್ಯಾರ್ಥಿ ಪ್ರಬಂಧ" ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ. ಅದು ಏನು ಅನ್ನುವುದನ್ನು ಅದು ನೇರವಾಗಿ ಹೇಳುತ್ತದೆ.

ವಿಳಾಸ ಇಲ್ಲದಿದ್ದರೆ ಪಟ್ಟಿಯಲ್ಲಿ ಏನೂ ಬರೆಯುವುದಿಲ್ಲ. ಬರಹದ ಒಳಗೇ, ಆ ವಾಕ್ಯದ ಪಕ್ಕದಲ್ಲೇ (ಇನಿಷಿಯಲ್ ಮತ್ತು ಹೆಸರು, ವೈಯಕ್ತಿಕ ಸಂವಹನ, ಮಾರ್ಚ್ 12, 2024) ಅಂತ ಹಾಕುತ್ತಾರೆ. ಪಟ್ಟಿಯಲ್ಲಿ ಇಲ್ಲ ಅಂದರೆ ಗೌರವ ಕಡಿಮೆ ಆಯಿತು ಅಂತಲ್ಲ. ಓದುಗ ಹೋಗಿ ನೋಡಲು ಆಗದ ಕಡೆಗೆ ದಾರಿಯ ಬೋರ್ಡ್ ಹಾಕುವುದಿಲ್ಲ, ಅಷ್ಟೆ. ಹೆಸರಂತೂ ಬರಲೇಬೇಕು.

ಬೇರೆ ಶೈಲಿಗಳು ಇದೇ ವಿಚಾರವನ್ನು ಬೇರೆ ಉಡುಪಿನಲ್ಲಿ ಹೇಳುತ್ತವೆ. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಕೈಪಿಡಿಯ ಒಂಬತ್ತನೇ ಆವೃತ್ತಿ 2021ರದು. ಅಲ್ಲಿ ಪ್ರಬಂಧದ ಶೀರ್ಷಿಕೆ ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಆಮೇಲೆ ತಾರೀಕು ಮತ್ತು ಸಂಸ್ಥೆ, ಕೊನೆಯಲ್ಲಿ ಇದು ವಿದ್ಯಾರ್ಥಿ ಪ್ರಬಂಧ ಅನ್ನುವ ವಿವರ. ಎಂಎಲ್‌ಎಯಲ್ಲಿ ಮೇಲ್, ಪತ್ರಗಳಿಗೂ ಪಟ್ಟಿಯಲ್ಲಿ ಜಾಗ ಇದೆ. ಹಾಗಾಗಿ ಎಪಿಎಯಿಂದ ಅಲ್ಲಿಗೆ ಹೋದವರು ಇದನ್ನು ಗಮನಿಸಬೇಕು. ಶಿಕಾಗೊ ಶೈಲಿಯಲ್ಲೂ ಶೀರ್ಷಿಕೆ ಉದ್ಧರಣ ಚಿಹ್ನೆಯಲ್ಲೇ ಇರುತ್ತದೆ, ಓರೆ ಅಕ್ಷರ ಇಲ್ಲ. ಅಲ್ಲಿ ಓರೆ ಅಕ್ಷರ ಪ್ರಕಟವಾದ ಪುಸ್ತಕದ ಗುರುತು, ಆದ್ದರಿಂದ ಪ್ರಕಟವಾಗದ್ದಕ್ಕೆ ಅದನ್ನು ಕೊಡುವುದಿಲ್ಲ. ಶಿಕಾಗೊದಲ್ಲಿ ಖಾಸಗಿ ಪತ್ರ ಮತ್ತು ಮಾತುಕತೆ ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೇ ಮುಗಿಯುತ್ತವೆ. ಎಂಜಿನಿಯರಿಂಗ್‌ನವರ ಐಇಇಇ ಶೈಲಿ ಎಲ್ಲಕ್ಕಿಂತ ಚುಟುಕು: ಹೆಸರು, ಶೀರ್ಷಿಕೆ, ಕೊನೆಗೆ "ಅಪ್ರಕಟಿತ".

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಿಎಚ್‌ಡಿ ಥೀಸಿಸ್, ಸ್ನಾತಕೋತ್ತರ ಡಿಸರ್ಟೇಶನ್ ಇವು ಈ ಲೆಕ್ಕಕ್ಕೆ ಬರುವುದಿಲ್ಲ. ಅಚ್ಚಾಗಿಲ್ಲದಿದ್ದರೂ ಅವು ಪರೀಕ್ಷಕರ ಕೈ ದಾಟಿ, ಗ್ರಂಥಾಲಯ ಸೇರಿ, ನಂಬರ್ ಪಡೆದುಕೊಂಡಿರುತ್ತವೆ. ಅವಕ್ಕೆ ಎಲ್ಲ ಶೈಲಿಯಲ್ಲೂ ಬೇರೆ ನಮೂನೆಯೇ ಇದೆ. ನಾವು ಮಾತಾಡುತ್ತಿರುವುದು ಸೆಮಿನಾರ್ ಪೇಪರ್, ಕೋರ್ಸ್ ಪ್ರಾಜೆಕ್ಟ್, ಲ್ಯಾಬ್ ರಿಪೋರ್ಟ್ ಬಗ್ಗೆ. ಮಾರ್ಕ್ಸ್ ಬಂದ ಮೇಲೆ ಯಾರೂ ತೆರೆಯದ ಕಾಗದಗಳ ಬಗ್ಗೆ.

ಯಾರೂ ತೆರೆಯುವುದಿಲ್ಲ ಅಂದೆ. ತೆರೆದಾಗ ಏನಾಗಬಹುದು ಅನ್ನುವುದಕ್ಕೆ ಎರಡು ಕಥೆ ಇವೆ.

1982ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ವಾಟ್ಸನ್ ಅನ್ನುವ ವಿದ್ಯಾರ್ಥಿ ತನ್ನ ಕ್ಲಾಸಿಗೆ ಒಂದು ಪೇಪರ್ ಬರೆದ. 1789ರಲ್ಲಿ ರಾಜ್ಯಗಳ ಒಪ್ಪಿಗೆಗೆ ಕಳಿಸಿದ ಒಂದು ಸಂವಿಧಾನ ತಿದ್ದುಪಡಿ ಇನ್ನೂ ಜೀವಂತ ಇದೆ, ರಾಜ್ಯಗಳು ಈಗಲೂ ಅದನ್ನು ಒಪ್ಪಬಹುದು ಅನ್ನುವುದು ಅವನ ವಾದ. ಸಂಸತ್ ಸದಸ್ಯರ ಸಂಬಳದ ಬದಲಾವಣೆ ಮುಂದಿನ ಚುನಾವಣೆ ಆಗುವವರೆಗೆ ಜಾರಿಯಾಗಬಾರದು ಅಂತ ಆ ತಿದ್ದುಪಡಿ ಹೇಳುತ್ತದೆ. ಪೇಪರ್‌ಗೆ ಸಿಕ್ಕಿದ್ದು ಸಿ ಗ್ರೇಡ್. ವಾಟ್ಸನ್ ಸುಮ್ಮನಿರಲಿಲ್ಲ. ರಾಜ್ಯ ರಾಜ್ಯಕ್ಕೂ ಪತ್ರ ಬರೆದ. 1992ರಲ್ಲಿ ಅದು ಇಪ್ಪತ್ತೇಳನೇ ತಿದ್ದುಪಡಿಯಾಗಿ ಸಂವಿಧಾನ ಸೇರಿತು. 2017ರಲ್ಲಿ ಆ ಸಿ ಗ್ರೇಡನ್ನು ಎ ಅಂತ ತಿದ್ದಿದರು.

ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್‌ನಲ್ಲಿ ಥಾಮಸ್ ಹರ್ನ್‌ಡನ್ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಪ್ರಕಟವಾದ ಒಂದು ಪೇಪರ್ ತಗೊಂಡು ಅದರ ಲೆಕ್ಕವನ್ನು ಮತ್ತೆ ಮಾಡಿ ತೋರಿಸಿ ಅನ್ನುವುದು ಕ್ಲಾಸಿನ ಅಸೈನ್‌ಮೆಂಟ್. ಅವನು ಆರಿಸಿಕೊಂಡದ್ದು ಸರ್ಕಾರದ ಸಾಲ ತುಂಬ ಜಾಸ್ತಿಯಾದರೆ ದೇಶದ ಆರ್ಥಿಕ ಬೆಳವಣಿಗೆ ಕುಗ್ಗುತ್ತದೆ ಅನ್ನುವ, ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೊಗಾಫ್ ಅವರ 2010ರ ಪ್ರಸಿದ್ಧ ಪೇಪರ್. ಲೆಕ್ಕ ತಾಳೆಯಾಗಲೇ ಇಲ್ಲ. ಕೊನೆಗೆ ಮೂಲ ಎಕ್ಸೆಲ್ ಫೈಲ್ ತರಿಸಿ ನೋಡಿದರೆ, ಸರಾಸರಿಯ ಸೂತ್ರದಲ್ಲಿ 20 ದೇಶಗಳ ಪೈಕಿ 5 ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಅದರ ಜೊತೆಗೆ ಬಿಟ್ಟುಹೋಗಿದ್ದ ಕೆಲವು ವರ್ಷಗಳ ಅಂಕಿಗಳನ್ನು ಸೇರಿಸಿ, ಸರಾಸರಿ ಹಾಕುವ ಕ್ರಮವನ್ನೂ ಬದಲಿಸಿದಾಗ, ಸಾಲ ಜಾಸ್ತಿ ಇರುವ ದೇಶಗಳ ಬೆಳವಣಿಗೆ ದರ ಮೈನಸ್ 0.1 ಅಂತ ಇದ್ದದ್ದು 2.2 ಶೇಕಡಾ ಆಯಿತು. 2013ರ ಏಪ್ರಿಲ್‌ನಲ್ಲಿ ಅವನು ತನ್ನ ಇಬ್ಬರು ಪ್ರಾಧ್ಯಾಪಕರ ಜೊತೆ ಅದನ್ನು ವರ್ಕಿಂಗ್ ಪೇಪರ್ ಆಗಿ ಹೊರತಂದ. ಆಮೇಲೆ ಅದು ಕೇಂಬ್ರಿಡ್ಜ್ ಜರ್ನಲ್ ಆಫ್ ಎಕನಾಮಿಕ್ಸ್‌ನಲ್ಲಿ ಬಂತು.

ಇದರಿಂದ ಒಂದು ಕೆಲಸದ ಮಾತು ಸಿಗುತ್ತದೆ. ಹರ್ನ್‌ಡನ್ ಕೆಲಸವನ್ನು ಇವತ್ತು ಉಲ್ಲೇಖಿಸುವವರು ಜರ್ನಲ್ ಲೇಖನವನ್ನೇ ಉಲ್ಲೇಖಿಸಬೇಕು, ಅಸೈನ್‌ಮೆಂಟನ್ನಲ್ಲ. ನಿಮ್ಮ ಕೈಲಿರುವ ಪ್ರಬಂಧವೂ ಈ ನಡುವೆ ಎಲ್ಲಾದರೂ ಪ್ರಕಟವಾಗಿರಬಹುದು. ಅದನ್ನು ಹುಡುಕದೆ ಹಳೆಯ ಪ್ರತಿಯನ್ನು ಹಿಡಿದುಕೊಂಡರೆ ಬರೆದವರಿಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಪ್ರಕಟವಾದ ಪ್ರತಿಯಲ್ಲಿ ತಪ್ಪುಗಳನ್ನು ತಿದ್ದಿರುತ್ತಾರೆ ಅಲ್ವಾ?

ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಿಮಗೆ ಬೇಕಾದ ಮಾತು ನಿಜಕ್ಕೂ ಆ ವಿದ್ಯಾರ್ಥಿಯದೇನಾ? ಕೋರ್ಸ್ ಪ್ರಬಂಧಗಳಲ್ಲಿ ಮುಕ್ಕಾಲು ಪಾಲು ಬೇರೆಯವರು ಹೇಳಿದ್ದರ ಸಾರಾಂಶ. ಅಂಥ ಸಾಲು ಇಷ್ಟವಾದರೆ ಅದು ಎಲ್ಲಿಂದ ಬಂತು ಅಂತ ನೋಡಿ, ಆ ಪುಸ್ತಕವನ್ನೇ ತೆಗೆದು ಓದಿ, ಅದನ್ನೇ ಉಲ್ಲೇಖಿಸಿ. ಪ್ರಬಂಧಕ್ಕೆ ಉಲ್ಲೇಖ ಬೇಕಾಗುವುದು ಬೇರೆ ಕಡೆ ಸಿಗದ್ದು ಅದರಲ್ಲಿ ಇದ್ದಾಗ: ಆಕೆಯೇ ಎಣಿಸಿದ ಲೆಕ್ಕ, ಆಕೆಯೇ ಮಾಡಿದ ಸಂದರ್ಶನ, ಆಕೆಗೇ ಹೊಳೆದ ವಾದ.

ಈಗ ಒಪ್ಪಿಗೆಯ ವಿಷಯ. ಇದರ ಬಗ್ಗೆ ಶೈಲಿಯ ಕೈಪಿಡಿಗಳು ಹೇಳುವುದು ಕಡಿಮೆ. ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಇದೇ.

ವಿದ್ಯಾರ್ಥಿ ಆ ಪ್ರಬಂಧ ಬರೆದದ್ದು ಒಬ್ಬ ಟೀಚರ್ ಓದಲಿ ಅಂತ. ಲೋಕ ಓದಲಿ ಅಂತ ಅಲ್ಲ. ಅರ್ಧಂಬರ್ಧ ಯೋಚನೆ, ಅವಸರದ ತೀರ್ಮಾನ ಎಲ್ಲಾ ಅದರಲ್ಲಿ ಇರಬಹುದು. ಕಲಿಯುವಾಗ ಹಾಗೇ ಇರಬೇಕು ಕೂಡ. ಅದನ್ನು ಎತ್ತಿ ನಿಮ್ಮ ಲೇಖನದಲ್ಲಿ ಹಾಕುವುದು ಅಂದರೆ ಒಬ್ಬರ ನೋಟ್‌ಬುಕ್ಕನ್ನು ಬೀದಿಯಲ್ಲಿ ತೆರೆದಿಟ್ಟ ಹಾಗೆ. ಕಾನೂನು ಕೂಡ ಇದನ್ನು ಒಪ್ಪುತ್ತದೆ. ಬರೆದ ಕ್ಷಣದಿಂದಲೇ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಬರೆದವರದು. ಅದಕ್ಕೆ ಪ್ರಕಟವಾಗಬೇಕು ಅಂತಿಲ್ಲ, ನೋಂದಣಿಯೂ ಬೇಡ. 1886ರ ಬರ್ನ್ ಒಪ್ಪಂದ ಈ ವಿಷಯದಲ್ಲಿ ದೇಶದೇಶಗಳನ್ನು ಒಟ್ಟಿಗೆ ಕಟ್ಟಿದ ಒಪ್ಪಂದ. ಅದರ ಇಂದಿನ ರೂಪದಲ್ಲಿ ಬೇರೆಯವರ ಬರಹದಿಂದ ಸಾಲು ಎತ್ತಿಕೊಳ್ಳಲು ಅವಕಾಶ ಇದೆ. ಆದರೆ ಆ ಬರಹ ಅದಾಗಲೇ ಸಾರ್ವಜನಿಕರಿಗೆ ಸಿಗುವ ಹಾಗೆ ಆಗಿರಬೇಕು ಅನ್ನುವ ಷರತ್ತಿದೆ. ಟೀಚರ್ ಟೇಬಲ್ ಮೇಲಿಟ್ಟ ಅಸೈನ್‌ಮೆಂಟ್ ಆ ಷರತ್ತಿಗೆ ಬರುವುದಿಲ್ಲ. ಅಮೆರಿಕದಲ್ಲಿ ನಿಯಮ ಸ್ವಲ್ಪ ಸಡಿಲ. ಅಪ್ರಕಟಿತ ಅನ್ನುವ ಒಂದೇ ಕಾರಣಕ್ಕೆ ನ್ಯಾಯಸಮ್ಮತ ಬಳಕೆಯನ್ನು (ಅನುಮತಿ ಇಲ್ಲದೆಯೂ ಮಿತವಾಗಿ ಬಳಸಿಕೊಳ್ಳುವ ಅವಕಾಶವನ್ನು) ತಳ್ಳಿಹಾಕುವಂತಿಲ್ಲ ಅಂತ 1992ರಲ್ಲಿ ಅಲ್ಲಿನ ಕಾನೂನಿಗೆ ಸಾಲು ಸೇರಿಸಿದರು. ಏನೇ ಆದರೂ, ಪ್ಯಾರಾಗಟ್ಟಲೆ ಯಥಾವತ್ತಾಗಿ ಎತ್ತುವ ಮುಂಚೆ ಕೇಳಲೇಬೇಕು.

"ಯಥಾವತ್ತಾಗಿ ಎತ್ತಲಿಲ್ಲ, ನನ್ನ ಮಾತಲ್ಲಿ ಬರೆದೆ" ಅನ್ನುವವರು ಇದ್ದಾರೆ. ಹಕ್ಕುಸ್ವಾಮ್ಯ ಕಾಯುವುದು ಮಾತಿನ ರೂಪವನ್ನು, ಯೋಚನೆಯನ್ನಲ್ಲ. ಆ ಮಟ್ಟಿಗೆ ಅವರು ಹೇಳುವುದು ನಿಜ. ಆದರೆ ಕೃತಿಚೌರ್ಯ ಕಾನೂನಿನ ವಿಷಯಕ್ಕಿಂತ ಜಾಸ್ತಿ ವಿದ್ವತ್ತಿನ ಪ್ರಾಮಾಣಿಕತೆಯ ವಿಷಯ. ಯೋಚನೆ ಕದ್ದರೂ ಅದು ಕಳ್ಳತನವೇ.

ಖಾಸಗಿತನದ ಪ್ರಶ್ನೆಯೂ ಇದೆ. 2017ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ನೊವಾಕ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಪರೀಕ್ಷೆಯಲ್ಲಿ ಬರೆದ ಉತ್ತರಗಳೂ, ಅವುಗಳ ಮೇಲೆ ಪರೀಕ್ಷಕರು ಬರೆದ ಟಿಪ್ಪಣಿಗಳೂ ಆ ಅಭ್ಯರ್ಥಿಯ ವೈಯಕ್ತಿಕ ಮಾಹಿತಿಯೇ ಅಂತ ಅದು ಹೇಳಿತು. ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆಗಳಿಗೆ 1974ರಿಂದಲೇ ಪ್ರತ್ಯೇಕ ಕಾನೂನು ಇದೆ. ಆದ್ದರಿಂದ ಗೈಡ್ ಕಳಿಸಿದ ಪ್ರತಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ, ಮಾರ್ಕ್ಸ್ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಳಸಬೇಡಿ. ಅಂಥ ಪ್ರತಿಯನ್ನು ವಿದ್ಯಾರ್ಥಿಗೆ ಹೇಳದೆ ಕಳಿಸಿದ್ದೇ ತಪ್ಪು. ಗೈಡ್ ಒಪ್ಪಿದರೆ ಸಾಲದು. ಪ್ರಬಂಧ ಅವರದಲ್ಲ.

ಇನ್ನು ಕೆಲವರಿಗೆ ವಿದ್ಯಾರ್ಥಿಗಳ ಬರಹವೇ ಅಧ್ಯಯನದ ವಸ್ತು. ಮಕ್ಕಳು ವಾಕ್ಯ ಹೇಗೆ ಕಟ್ಟುತ್ತಾರೆ, ಎಲ್ಲಿ ತಪ್ಪುತ್ತಾರೆ ಅಂತ ನೂರು ಪ್ರಬಂಧ ಇಟ್ಟುಕೊಂಡು ನೋಡುವ ಸಂಶೋಧಕರು. ಅಲ್ಲಿ ಲೆಕ್ಕ ತಿರುಗಿ ಹೋಗುತ್ತದೆ. ಹೆಸರು ಹಾಕಬಾರದು. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ, ಬರೆದವರ ಒಪ್ಪಿಗೆ ಎರಡೂ ಬೇಕು. ಬರಹದಲ್ಲಿ "ವಿದ್ಯಾರ್ಥಿ 14" ಅಂತ ಬರುತ್ತದೆ. ವ್ಯತ್ಯಾಸ ಇಷ್ಟೇ: ಅವರು ನಿಮಗೆ ಲೇಖಕರಾ, ಮಾಹಿತಿಯಾ? ಒಬ್ಬರ ವಿಚಾರ ಬಳಸಿದರೆ ಅವರು ಲೇಖಕರು, ಹೆಸರು ಬೇಕು. ಅವರ ಬರವಣಿಗೆಯನ್ನು ಪರೀಕ್ಷಿಸಿದರೆ ಅವರನ್ನು ಮರೆಯಲ್ಲಿ ಇಡಬೇಕು. ವಿಚಾರ ಬಳಸಿಕೊಂಡು "ಗೌಪ್ಯತೆಗಾಗಿ ಹೆಸರು ಬಿಟ್ಟಿದ್ದೇನೆ" ಅನ್ನುವವರನ್ನೂ ನೋಡಿದ್ದೇನೆ. ಬೇಡ ಅಂತ ಆಕೆ ಹೇಳಿದ್ದಳಾ? ಕೇಳಿದ್ದೀರಾ?

ಗುಂಪಿನಲ್ಲಿ ಮಾಡಿದ ಪ್ರಾಜೆಕ್ಟ್ ಆದರೆ ಮುಖಪುಟದಲ್ಲಿರುವ ಎಲ್ಲರೂ ಲೇಖಕರು. ಮಾರ್ಗದರ್ಶನ ಮಾಡಿದ ಟೀಚರ್ ಲೇಖಕರಲ್ಲ. ತಾರೀಕು ಸಲ್ಲಿಸಿದ ದಿನದ್ದು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಅವರ ಪ್ರಸಿದ್ಧ ಸ್ನಾತಕೋತ್ತರ ಥೀಸಿಸ್ ನೋಡಿ. ಬರೆದು ಸಲ್ಲಿಸಿದ್ದು 1937ರಲ್ಲಿ, ಲೇಖನವಾಗಿ ಅಚ್ಚಾದದ್ದು 1938ರಲ್ಲಿ, ಡಿಗ್ರಿ ಸಿಕ್ಕಿದ್ದು 1940ರಲ್ಲಿ. ಮೂರು ಇಸವಿಗಳೂ ಉಲ್ಲೇಖಗಳಲ್ಲಿ ಓಡಾಡುತ್ತವೆ. ಯಾವ ಪ್ರತಿಯನ್ನು ನೀವು ಓದಿದಿರೋ ಅದರ ತಾರೀಕು ಹಾಕಿ, ಆ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಇರಬೇಕು.

ನಿಮ್ಮದೇ ಹಳೆಯ ಅಸೈನ್‌ಮೆಂಟ್ ಆದರೆ? ಅದಕ್ಕೂ ಉಲ್ಲೇಖ ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಬರೆದದ್ದನ್ನು ನಾಲ್ಕನೇ ಸೆಮಿಸ್ಟರ್‌ನಲ್ಲಿ ಹೊಸದು ಅಂತ ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಸಲ ಮಾರ್ಕ್ಸ್ ತಗೊಂಡ ಹಾಗೆ. ಮೊದಲೇ ಟೀಚರ್ ಒಪ್ಪಿಗೆ ಕೇಳಿ, ಹಳೆಯ ಪ್ರಬಂಧವನ್ನು ನಿಮ್ಮದೇ ಹೆಸರಿನಲ್ಲಿ ಅಪ್ರಕಟಿತ ಅಂತ ಉಲ್ಲೇಖಿಸಿ. ಇದು ಬೇಗ ಗೊತ್ತಾಗುವ ವಿಷಯ ಕೂಡ. ನಕಲು ಪತ್ತೆಹಚ್ಚುವ ಟರ್ನಿಟಿನ್‌ನಂಥ ತಂತ್ರಾಂಶಗಳು ಸಲ್ಲಿಕೆಯಾದ ವಿದ್ಯಾರ್ಥಿ ಪ್ರಬಂಧಗಳನ್ನು ತಮ್ಮ ಭಂಡಾರದಲ್ಲಿ ಇಟ್ಟುಕೊಂಡಿರುತ್ತವೆ. ರಿಪೋರ್ಟ್‌ನಲ್ಲಿ ಇಂಥ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದು, ವಿದ್ಯಾರ್ಥಿ ಪ್ರಬಂಧ ಅಂತ ಒಂದು ಸಾಲು ಬಣ್ಣದಲ್ಲಿ ಬಂದು ನಿಲ್ಲುತ್ತದೆ.

ವಿಳಾಸ ಇಲ್ಲದ ಪ್ರಬಂಧಕ್ಕೆ ವಿಳಾಸ ಮಾಡಿಕೊಡುವ ದಾರಿಯೂ ಇದೆ, ನನಗೆ ಬಹಳ ಇಷ್ಟವಾದ ದಾರಿ. ಸಂಸ್ಥೆಯ ಡಿಜಿಟಲ್ ಭಂಡಾರದಲ್ಲೋ, ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ 2013ರಿಂದ ನಡೆಸುತ್ತಿರುವ ಆನ್‌ಲೈನ್ ಭಂಡಾರ ಜೆನೊಡೊದಲ್ಲೋ ಪ್ರಬಂಧವನ್ನು ಇಡಲು ವಿದ್ಯಾರ್ಥಿಗೆ ಹೇಳಿ. ಜೆನೊಡೊ ಉಚಿತ. ಇಟ್ಟ ಪ್ರತಿಗೆ ಒಂದು ಡಿಒಐ ಸಂಖ್ಯೆ, ಅಂದರೆ ಬದಲಾಗದ ಡಿಜಿಟಲ್ ಗುರುತು, ಸಿಗುತ್ತದೆ. ಫೈಲನ್ನು ಎಲ್ಲರಿಗೂ ತೆರೆಯದೆ, ಕೇಳಿದವರಿಗೆ ಮಾತ್ರ ಕೊಡುವ ಹಾಗೂ ಇಡಬಹುದು. ಆಗ ನಿಮ್ಮ ಉಲ್ಲೇಖಕ್ಕೆ ಗಟ್ಟಿ ನೆಲ ಸಿಕ್ಕಿತು. ಆಕೆಗೂ ತನ್ನದು ಅಂತ ತೋರಿಸಿಕೊಳ್ಳಲು ಒಂದು ಬರಹ ಆಯಿತು.

ಹಾಗಾದರೆ ಆಕೆಗೆ ಏನಂತ ಬರೆಯುವುದು? ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳಲ್ಲಿ ಒಂದು ಒಳ್ಳೆಯ ನಿಯಮ ಇದೆ. ವೈಯಕ್ತಿಕ ಸಂವಹನವನ್ನು ಉಲ್ಲೇಖಿಸಲೇಬೇಕಾದರೆ ಆ ವ್ಯಕ್ತಿಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಜೊತೆಗೆ ಮಾಹಿತಿ ಸರಿಯಿದೆ ಅಂತ ಖಚಿತಪಡಿಸಿಕೊಳ್ಳಿ ಅಂತ. ಎರಡನ್ನೂ ಒಂದೇ ಮೇಲ್‌ನಲ್ಲಿ ಕೇಳಬಹುದು:

"ನಮಸ್ಕಾರ. 2023ರಲ್ಲಿ ನೀವು ಕೋರ್ಸಿಗೆ ಬರೆದ ಪ್ರಬಂಧವನ್ನು ನನ್ನ ಗೈಡ್ ತೋರಿಸಿದರು. ಅನುಮತಿ ಇಲ್ಲದೆ ಓದಿದ್ದಕ್ಕೆ ಕ್ಷಮೆ ಇರಲಿ. ಒಂಬತ್ತನೇ ಪುಟದ ಟೇಬಲ್ಲನ್ನೂ ಅದರ ಕೆಳಗಿನ ಎರಡು ವಾಕ್ಯಗಳನ್ನೂ ನನ್ನ ಥೀಸಿಸ್‌ನಲ್ಲಿ ಬಳಸಬಹುದಾ? ಬಳಸುವ ಪುಟವನ್ನು ಇದರ ಜೊತೆ ಕಳಿಸಿದ್ದೇನೆ. ನಿಮ್ಮ ಹೆಸರು ಹೇಗೆ ಬರಬೇಕು ತಿಳಿಸಿ. ಹೆಸರು ಬೇಡ ಅಂದರೂ ಹೇಳಿ. ಸಲ್ಲಿಸಿದ ಮೇಲೆ ಲೆಕ್ಕದಲ್ಲಿ ಏನಾದರೂ ತಿದ್ದಿದ್ದೀರಾ?"

ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಎರಡನೇ ವಾರದ ಮಂಗಳವಾರ ರಜೆ ಇತ್ತು, ಆ ಸಾಲನ್ನು ಆಮೇಲೆ ತೆಗೆದುಹಾಕಿದೆ, ತಿದ್ದಿದ ಪ್ರತಿ ಕಳಿಸುತ್ತೇನೆ ಅಂತ ಆಕೆ ಉತ್ತರ ಬರೆಯಬಹುದು. ಆಗ ನೀವು ಉಲ್ಲೇಖಿಸಬೇಕಾದ್ದು ಆ ಹೊಸ ಪ್ರತಿಯನ್ನು, ಅದರ ತಾರೀಕಿನ ಜೊತೆಗೆ.